ಊರಿನ ರಕ್ತ ಪ್ರವಾಸ ಹೋದಾಗ

ಫೆಬ್ರವರಿ ೩

ಅಕ್ಕಾ,

ತಲುಪಿದೆವು. ವಿಮಾನ ಏರಿದಾಗ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದ ಅಧ್ಯಕ್ಷೆ ಇಳಿಯುವ ತನಕ ಬಿಡಲಿಲ್ಲ. ಕಾಲು ನೆಲಕ್ಕೆ ತಾಗಿದ ಮೇಲೆ ನಮ್ಮ ಕಡೆ ತಿರುಗಿ, "ಭಯ ಆಯ್ತೇನ್ರೋ ಮಕ್ಳಾ? ನಾನಿದೀನಲ್ಲ" ಅಂದರು. ಹೂಂ ಮೇಷ್ಟ್ರು ಹೂಂ ಅಂದರು. ನಮ್ಮ ರಕ್ತದಾನಿಗಳ ಸಂಘದ ಕಾರ್ಯದರ್ಶಿಗೆ ಈ ಹೆಸರಿಟ್ಟವಳು ನೀನು. ವಿಮಾನದಲ್ಲೂ ಅದು ಅವರಿಗೆ ಸರಿಯಾಗಿಯೇ ಹೊಂದಿತು.

ನಮ್ಮನ್ನು ಇಳಿಸಿರುವುದು ಒಂದು ತರಬೇತಿ ಕೇಂದ್ರದಲ್ಲಿ. ಕೋಣೆಯಲ್ಲಿ ಒಂದರ ಮೇಲೊಂದು ಕಬ್ಬಿಣದ ಮಂಚ. ನಾನು ಹೊರಳಿದರೆ ಕೆಳಗೆ ಮಲಗಿರುವ ಅಧ್ಯಕ್ಷೆಯ ಮೇಲೆ ತುಕ್ಕು ಉದುರುತ್ತದೆ. ಹಾಗಾಗಿ ಆಗಾಗ ಹೊರಳುತ್ತೇನೆ. ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ, ಒಂದು ಹಗ್ಗ, ಹಗ್ಗದ ಮೇಲೆ ಯಾರದೋ ಉದ್ದನೆಯ ಕಾಲುಚೀಲ. ಪರದೇಶ ಅಂದರೆ ಇದು. ದಾನಿಗಳ ಸಮ್ಮೇಳನ ಶುರುವಾಗುವುದು ಹದಿನೆಂಟಕ್ಕೆ. ಅಲ್ಲಿಯ ತನಕ ನಮಗೆ ವೇದಿಕೆ ಹತ್ತುವುದು, ನಗುವುದು, ಇಳಿಯುವುದು ಕಲಿಸುತ್ತಾರಂತೆ.

ನಿನಗೆ ಗೊತ್ತಿರುವುದನ್ನೇ ಅಧ್ಯಕ್ಷೆ ಇಲ್ಲಿಯವರಿಗೆ ಹೇಗೆ ಹೇಳಿದರು ಕೇಳು. "ನಮ್ಮೂರ ಆಸ್ಪತ್ರೆಯಲ್ಲಿ ರಕ್ತ ಇಡೋ ಫ್ರಿಜ್ಜಿಲ್ಲ. ಬೇಕಾಗೂ ಇಲ್ಲ. ನಮ್ಮ ದಾನಿಗಳೇ ನಡೆದಾಡುವ ಭಂಡಾರ. ಆಸ್ಪತ್ರೆಯಿಂದ ಒಂದು ಫೋನು ಬಂದ್ರೆ ಸಾಕು, ಅರ್ಧ ಗಂಟೇಲಿ ದಾನಿ ಮಂಚದ ಪಕ್ಕದಲ್ಲಿರ್ತಾನೆ." ಆ ಅರ್ಧ ಗಂಟೆ ನಮ್ಮ ಕಚೇರಿಯ ಗುಮಾಸ್ತರ ಮಂಡಿನೋವಿನ ಸೈಕಲ್ ತುಳಿತ ಅನ್ನುವುದನ್ನು ಹೇಳಲಿಲ್ಲ. ಗೋಡೆಯ ಬೋರ್ಡಿನ ಬಗ್ಗೆ ಮಾತ್ರ ಬಹಳ ಹೇಳಿದರು: ಒಬ್ಬೊಬ್ಬ ದಾನಿಗೆ ಒಂದೊಂದು ತಗಡಿನ ಬಿಲ್ಲೆ, ಹೆಸರು ಮುಂದೆ ಇದ್ದರೆ ಸಿದ್ಧ, ಬಿಲ್ಲೆ ತಿರುಗಿಸಿದ್ದರೆ ಕೊಟ್ಟಾಗಿದೆ, ಮೂರು ತಿಂಗಳು ಯಾರೂ ಮುಟ್ಟುವಂತಿಲ್ಲ. ನೆಗೆಟಿವ್ ರಕ್ತದವರದು ಕೆಂಪು ಬಿಲ್ಲೆ. "ಅಪರೂಪದ ಮುತ್ತುಗಳು" ಅಂತ ನಮ್ಮನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಸಂತೆಯಲ್ಲಿ ಎಮ್ಮೆ ತೋರಿಸಿದ ಹಾಗೆ. ಹಲ್ಲು ನೋಡುವುದೊಂದು ಬಾಕಿ.

ಅಂದಹಾಗೆ ಅಧ್ಯಕ್ಷೆಯದು ಪಾಸಿಟಿವ್. ಇದುವರೆಗೆ ಅವರು ಕೊಟ್ಟಿರುವುದು ಭಾಷಣ.

ಊರಿನಲ್ಲಿ ಕೆಂಪು ಬಿಲ್ಲೆ ಇದ್ದದ್ದೇ ಒಂಬತ್ತು. ನೀನು ಬಸುರಿ ಅಂತ ತಿಳಿದ ದಿನ ನಿನ್ನದನ್ನು ಇಳಿಸಿದರು. ಉಳಿದ ಎಂಟೂ ಜನ ಈಗ ಇಲ್ಲಿ ಜೋಡಿ ಮಂಚಗಳ ಮೇಲೆ ಇದ್ದೇವೆ. ಮೊನ್ನೆ ಊಟದ ಮೇಜಿನಲ್ಲಿ ಕೇಳಿಯೇಬಿಟ್ಟೆ: "ಮೇಡಂ, ಈಗ ಊರಲ್ಲಿ ಯಾರಿಗಾದ್ರೂ ನಮ್ಮ ರಕ್ತ ಬೇಕಾದ್ರೆ ವಿಮಾನ ಹತ್ತಿ ಬರ್ಬೇಕಾ?" ಅಧ್ಯಕ್ಷೆ ಬ್ರೆಡ್ಡು ಕೆಳಗಿಟ್ಟು, "ನಿನ್ನ ಬಾಯಿಗೆ ಒಳ್ಳೇದೇ ಬರಲ್ವೇನೇ?" ಅಂದರು. ಹೂಂ ಮೇಷ್ಟ್ರು ಹೂಂ ಅಂದರು.

ನಿನ್ನ ಹೊಟ್ಟೆ ಎಷ್ಟು ದೊಡ್ಡದಾಯಿತು? ನನಗೆ ಇಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಓಡಿ ಬಂದುಬಿಡಲೇ ಅನ್ನಿಸುತ್ತದೆ. ಬೈಯಬೇಡ.

ನಿನ್ನ
ಗಿರಗಿಟ್ಲೆ


ಫೆಬ್ರವರಿ ೧೦

ಗಿರಗಿಟ್ಲೆ,

ಬೈಯದೆ ಇರಲು ನನ್ನಿಂದಾಗದು. ನಿನ್ನ ಕಾಗದ ಓದಿ ನಿಮ್ಮ ಭಾವ ನಕ್ಕು ನಕ್ಕು ಕುರ್ಚಿಯಿಂದ ಬಿದ್ದರು. ಅದೂ ಬಾಡಿಗೆಗೆ ಹೋಗಬೇಕಾದ ಕುರ್ಚಿ; ಕಾಲು ಮುರಿದಿದೆ. ಶಾಮಿಯಾನದ ಅಂಗಡಿಯವನ ಮನೆಯಲ್ಲಿ ಕೂರಲು ಒಂದು ನೆಟ್ಟಗಿನ ಕುರ್ಚಿ ಇಲ್ಲ ಅಂತ ನಮ್ಮತ್ತೆ ಇಡೀ ದಿನ ಗೊಣಗಿದರು.

ನಾನು ಚೆನ್ನಾಗಿದ್ದೇನೆ. ಡಾಕ್ಟರಮ್ಮ ಎಲ್ಲ ಅದರದರ ಜಾಗದಲ್ಲಿದೆ ಅಂದರು. ದಿನವಿಡೀ ಮಲಗಿಯೇ ಇರುತ್ತೇನೆ, ನೀರೂ ಕೈಗೆ ಬರುತ್ತದೆ. ಅತ್ತೆಯೇ ಅಡುಗೆ. ಉಪ್ಪು ಹಾಕಿದ್ದಾರೋ ಇಲ್ಲವೋ ಅಂತ ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಮಂಚದ ಕಾಲ್ದೆಸೆಗೆ ಭಾವ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದಾರೆ. ಪಾದ ಊದಬಾರದಂತೆ. ತಲೆ ಕೆಳಗೆ, ಕಾಲು ಮೇಲೆ. ಬಾವಲಿಯ ಬಾಳು.

ಈಗ ಬೈಗುಳ. ನೀನು ಶಾಲೆ ಬಿಟ್ಟೆ. ಇನ್‌ಸ್ಪೆಕ್ಟರ್ ಬಂದು "ಪ್ರಯೋಗಾಲಯ ಇದೆಯಾ?" ಅಂದರೆ ಇಡೀ ತರಗತಿ "ಇದೆ ಸಾರ್" ಅಂತು, ನೀನೊಬ್ಬಳು ಎದ್ದು, "ಬೀರು ಇದೆ ಸಾರ್, ಒಳಗೆ ಹೆಡ್‌ಮಾಸ್ಟರ ಛತ್ರಿ ಇದೆ" ಅಂದೆ. ನಿಜವನ್ನೇ ಹೇಳಿದೆ, ಒಪ್ಪುತ್ತೇನೆ. ಆದರೆ ಹೊರಗೆ ನಿಲ್ಲಿಸಿದ್ದಕ್ಕೆ ಮನೆಗೇ ಬಂದುಬಿಡುವುದೇ? ಆಮೇಲೆ ಹೊಲಿಗೆ. ಅರ್ಧ ಹೊಲಿದ ನನ್ನ ರವಿಕೆಗೆ ಇನ್ನೂ ಒಂದೇ ತೋಳು. ಆಮೇಲೆ ಟೈಪಿಂಗ್. ಎಲ್ಲವೂ ಅರ್ಧ. ಸಂಘದಲ್ಲಿ ಮಾತ್ರ ಎರಡು ವರ್ಷ ನಿಂತಿದ್ದೀಯೆ. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು ಅಂತ ನನಗೆ ಜಂಬ ಇದೆ. ಇದನ್ನಾದರೂ ಪೂರ್ತಿ ಮಾಡು. ಅಧ್ಯಕ್ಷೆ ಎಂಥವರೇ ಇರಲಿ, ಹೇಳಿದಷ್ಟು ಮಾಡು, ನಿಲ್ಲು ಅಂದಲ್ಲಿ ನಿಲ್ಲು. ನನಗೋಸ್ಕರ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿರು.

ನೀವೆಲ್ಲ ಇಪ್ಪತ್ತೇಳಕ್ಕೆ ಊರಿಗೆ ಬರುವುದು ಖಾತ್ರಿ ತಾನೇ? ಎಂಟೂ ಜನ ಒಟ್ಟಿಗೆ? ಸುಮ್ಮನೆ ಕೇಳಿದೆ.

ಅಕ್ಕ


ಫೆಬ್ರವರಿ ೧೭

ಮಹಾರಾಣಿಯವರ ಪಾದಕ್ಕೆ, ಇಟ್ಟಿಗೆಯ ಸಮೇತ,

ನಿನ್ನ ಕಾಗದ ಬಂತು. ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಕಾಲಿನ ಮೇಲೆ ನಿಂತಿದ್ದೇನೆ, ಅಲ್ಲಿ ನೀನು ಮಲಗಿದ್ದಲ್ಲಿಂದಲೇ ಬುದ್ಧಿ ಹೇಳುತ್ತೀಯೆ. ಅತ್ತೆಯ ಕೈಲಿ ಅಡುಗೆ ಮಾಡಿಸಿ ಉಪ್ಪು ಇಲ್ಲ ಅಂತ ದೂರು ಬೇರೆ. ನನ್ನ ಅರ್ಧಗಳನ್ನೆಲ್ಲ ಇಷ್ಟು ನೆನಪಿಟ್ಟುಕೊಂಡಿದ್ದೀಯೆ ಅಂತ ಗೊತ್ತಿರಲಿಲ್ಲ. ಆ ರವಿಕೆಯ ಎರಡನೇ ತೋಳಿಗೆ ನೀನು ಬಟ್ಟೆಯೇ ಕೊಟ್ಟಿರಲಿಲ್ಲ. ಇದನ್ನೂ ಬರೆದಿಟ್ಟುಕೋ.

"ಎಂಟೂ ಜನ ಒಟ್ಟಿಗೆ ಬರುತ್ತೀರಾ?" ಅಂತ ಯಾಕೆ ಕೇಳಿದೆ ಅಂತ ಅರ್ಥವಾಯಿತು. ಗಿರಗಿಟ್ಲೆ ದಾರಿಯಲ್ಲಿ ತಪ್ಪಿಸಿಕೊಂಡು ಎಲ್ಲಿಗಾದರೂ ಹೋದಾಳು ಅನ್ನುವ ಅನುಮಾನ. ಹೋಗುವುದಿಲ್ಲ. ಬರುತ್ತೇನೆ. ನಿನಗೆ ಏನು ತರಲಿ ಅಂತಲೂ ಕೇಳುವುದಿಲ್ಲ, ಹೋಗು.

ನೀನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದೇನೆ. ಬಾಯಿ ಮುಚ್ಚಿದಾಗ ಕಣ್ಣಿಗೆ ಹೆಚ್ಚು ಕಾಣುತ್ತದೆ, ಅದೊಂದು ಕಷ್ಟ. ನಿನ್ನೆ ನಮ್ಮನ್ನು ಇಲ್ಲಿಯ ರಕ್ತಕೇಂದ್ರಕ್ಕೆ ಕರೆದೊಯ್ದರು. ನಮ್ಮ ಮನೆಯಷ್ಟು ದೊಡ್ಡ ಫ್ರಿಜ್ಜು. ಗಾಜಿನ ಬಾಗಿಲ ಹಿಂದೆ ಚೀಲಗಳು ತೂಗು ಹಾಕಿವೆ, ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಪಟ್ಟಿ. ನಮ್ಮ ಗುಂಪಿನದೇ ಒಂದು ಕಪಾಟು ಭರ್ತಿ. ಅಲ್ಲಿಯ ಅಧಿಕಾರಿ, "ಕೆಲವು ಸಲ ಅವಧಿ ಮುಗಿದು ಚೆಲ್ಲಬೇಕಾಗುತ್ತದೆ" ಅಂದರಂತೆ. ಹೂಂ ಮೇಷ್ಟ್ರು ಅದನ್ನು ನಮಗೆ ಕನ್ನಡದಲ್ಲಿ ಹೇಳಿ ತಲೆದೂಗಿದರು. ಅಧ್ಯಕ್ಷೆ ಫ್ರಿಜ್ಜಿನ ಗಾಜಿನಲ್ಲಿ ಕೂದಲು ಸರಿಮಾಡಿಕೊಂಡರು.

ಅವರಿಗೆ ಊರಿನಿಂದ ಫೋನು ಬಂದಿತ್ತು, ಗುಮಾಸ್ತರದ್ದು. ಮಾತಾಡಿ ಬಂದವರೇ ನನ್ನ ತಲೆ ಸವರಿ, "ಪಾಪ, ಒಳ್ಳೆ ಹುಡುಗಿ" ಅಂದರು. ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಪ್ರೀತಿ ಉಕ್ಕಿತೆಂದರೆ ಏನೋ ಕೆಲಸ ಹೇಳಲಿದ್ದಾರೆ ಅಂತಲೇ ಲೆಕ್ಕ. ಕೊನೆಯ ದಿನ ವೇದಿಕೆಯ ಮೇಲೆ "ಒಂದು ಅಚ್ಚರಿ" ಇದೆಯಂತೆ. ಏನು ಅಂತ ನಮಗೂ ಹೇಳಿಲ್ಲ. ನಾನೊಂದು ಪ್ಯಾರಾ ಬಾಯಿಪಾಠ ಹೇಳಬೇಕು: "ನಮ್ಮ ಊರಿನಲ್ಲಿ ರಕ್ತಕ್ಕಾಗಿ ಯಾರೂ ಕಾದದ್ದಿಲ್ಲ." ಹತ್ತು ಸಲ ಹೇಳಿದೆ. ಹತ್ತು ಸಲವೂ "ಯಾರೂ" ಅನ್ನುವಲ್ಲಿ ತೊದಲಿದೆ.

ನಿನಗೋಸ್ಕರ, ಹೇಳಿದ್ದೆಲ್ಲ ಮಾಡುತ್ತೇನೆ. ಇದನ್ನು ಅರ್ಧ ಅಂತ ಹೇಳಲು ನಿನಗೆ ಅವಕಾಶ ಕೊಡುವುದಿಲ್ಲ.

ಗಿರಗಿಟ್ಲೆ


ಫೆಬ್ರವರಿ ೧೮

ಪುಟ್ಟೀ,

ಇದನ್ನು ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ ಅಂದರೆ ನೀನು ಗಾಬರಿಯಾಗುತ್ತೀಯೆ ಅಂತ ಗೊತ್ತು. ಆದ್ದರಿಂದ ಗಾಬರಿಯಾಗು, ಆದರೆ ಪೂರ್ತಿ ಓದು.

ಹಿಂದಿನ ಕಾಗದದಲ್ಲಿ ಸುಳ್ಳು ಬರೆದೆ. ಯಾವುದೂ ಅದರದರ ಜಾಗದಲ್ಲಿಲ್ಲ. ಮಾಸು ಕೆಳಗೆ ಜಾರಿ ಮಗುವಿನ ದಾರಿಗೆ ಅಡ್ಡ ಕೂತಿದೆ. ಯಾವಾಗ ಬೇಕಾದರೂ ರಕ್ತ ಹೋಗಬಹುದು ಅಂತ ನೀವು ಹೊರಟ ಮೇಲೆ ಡಾಕ್ಟರಮ್ಮ ಹೇಳಿದ್ದರು. ಇಟ್ಟಿಗೆ ಅದಕ್ಕೆ, ಪಾದಕ್ಕಲ್ಲ. ಮೊನ್ನೆ ಸ್ವಲ್ಪ ಹೋಯಿತು, ತಾನಾಗಿಯೇ ನಿಂತಿತು. ಇನ್ನು ಮನೆಯಲ್ಲಿ ಬೇಡ ಅಂತ ಇಲ್ಲಿ ಮಲಗಿಸಿದ್ದಾರೆ. ಮೇಲಿನ ಮಹಡಿ, ಕಿಟಕಿಯ ಪಕ್ಕದ ಮಂಚ. ಆಪರೇಷನ್ ಮಾಡಿಯೇ ಮಗು ತೆಗೆಯಬೇಕು. ಆಗ ನಮ್ಮ ಗುಂಪಿನ ರಕ್ತ ಎರಡು ಬಾಟಲಿ ಕೈಗೆ ಸಿಗುವಂತಿರಬೇಕು. "ನಿಮ್ಮ ಸಂಘ ಇದೆಯಲ್ಲಮ್ಮಾ, ನಿನಗೇನು ಚಿಂತೆ?" ಅಂದರು.

ಭಾವ ಸಂಘದ ಕಚೇರಿಗೆ ಹೋದರು. ಗುಮಾಸ್ತರು ಬೋರ್ಡು ತೋರಿಸಿದರಂತೆ. ಕೆಂಪು ಬಿಲ್ಲೆ ಎಂಟೂ ನೆಟ್ಟಗೆ ಮುಂದೆ ನೋಡುತ್ತಿವೆ, ಎಲ್ಲ ಸಿದ್ಧ! ಮನುಷ್ಯರು ಮಾತ್ರ ಇಲ್ಲ. "ಪ್ರವಾಸ ಹೋದ್ರೆ ಬಿಲ್ಲೆ ಹೇಗಿಡ್ಬೇಕು ಅಂತ ನಿಯಮದಲ್ಲಿ ಇಲ್ಲ ಸ್ವಾಮೀ" ಅಂದರಂತೆ. ದೊಡ್ಡ ಊರಿನಿಂದ ತರಿಸಬಹುದು, ಆದರೆ ಐದು ಗಂಟೆಯ ದಾರಿ; ಮೊದಲೇ ತರಿಸಿಡಲು ಇಲ್ಲಿ ಫ್ರಿಜ್ಜಿಲ್ಲ, ನನ್ನನ್ನು ಅಲ್ಲಿಗೆ ಕುಲುಕಿಸಿಕೊಂಡು ಒಯ್ಯುವಂತಿಲ್ಲ. ರಕ್ತ ಸುರಿಯತೊಡಗಿದರೆ ಅಷ್ಟು ಹೊತ್ತು ಕಾಯುವುದಿಲ್ಲ. ಆಪರೇಷನ್ ಮಾರ್ಚ್ ಒಂದಕ್ಕೆ ಅಂತ ಗೊತ್ತುಮಾಡಿದ್ದಾರೆ. ನೀವು ಇಪ್ಪತ್ತೇಳಕ್ಕೆ ಬರುತ್ತೀರಿ ಅನ್ನುವ ಧೈರ್ಯದ ಮೇಲೆ.

ಗುಮಾಸ್ತರು ಅಧ್ಯಕ್ಷೆಗೆ ಫೋನಿನಲ್ಲಿ ಹೇಳಿದ್ದಾರೆ. ನಿನಗೆ ಹೇಳಬೇಡಿ ಅಂತ ನಾನೇ ಹೇಳಿಸಿದ್ದೆ. ಹೇಳಿದ್ದರೆ ನೀನು ಆ ಗಳಿಗೆಗೆ ಗಂಟು ಕಟ್ಟುತ್ತಿದ್ದೆ. ಇನ್ನೊಂದು ಅರ್ಧ ಆಗುತ್ತಿತ್ತು, ಅದೂ ನನ್ನ ಹೆಸರಿನಲ್ಲಿ. ಈಗ ಬರೆಯುತ್ತಿರುವುದು ಯಾಕೆಂದರೆ, ಮೊನ್ನೆ ಹೆದರಿಕೆಯಾಯಿತು. ಇದು ನಿನ್ನ ಕೈಗೆ ಸೇರುವಾಗ ಸಮ್ಮೇಳನ ಮುಗಿದಿರುತ್ತದೆ. ಬಂದವಳೇ ನೇರ ಇಲ್ಲಿಗೆ ಬಾ. ಒಬ್ಬಳೇ ಬರಬೇಡ, ಎಲ್ಲರನ್ನೂ ಹೊರಡಿಸಿಕೊಂಡು ಬಾ.

ಅಲ್ಲಿ ಮೆಟ್ಟಿಲು ಗಿಟ್ಟಿಲು ನೋಡಿ ಹತ್ತು.

ಅಕ್ಕ


ಫೆಬ್ರವರಿ ೨೧

ಅಕ್ಕಾ,

ಮುಗಿಯಿತು. ಪೂರ್ತಿ ಮಾಡಿದೆ. ಚಪ್ಪಾಳೆ ತಟ್ಟು.

ನಿನ್ನೆ ಸಮ್ಮೇಳನದ ಕೊನೆಯ ದಿನ. ಸಭಾಂಗಣ ಅಂದರೆ ನಮ್ಮ ಭಾವನ ಅಂಗಡಿಯ ಕುರ್ಚಿಯನ್ನೆಲ್ಲ ಹತ್ತು ಸಲ ಹಾಕಿದರೂ ತುಂಬದು. ಒಬ್ಬೊಬ್ಬರಿಗೂ ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ. ವೇದಿಕೆಯ ಮೇಲಿನ ಮಾತನ್ನು ಗಾಜಿನ ಗೂಡಿನಲ್ಲಿ ಕೂತ ದುಭಾಷಿ ಅವರ ಭಾಷೆಯಲ್ಲಿ ಹೇಳುತ್ತಾನೆ. ನನ್ನ ಸರದಿ ಬಂತು. ಹೆಗಲಿನಿಂದ ಸೊಂಟಕ್ಕೆ ಒಂದು ಕೆಂಪು ಪಟ್ಟಿ ಕಟ್ಟಿದ್ದರು. ಮೈಕಿನ ಮುಂದೆ ನಿಂತು "ನಮ್ಮ ಊರಿನಲ್ಲಿ ರಕ್ತಕ್ಕಾಗಿ ಯಾರೂ" ಅನ್ನುವ ತನಕ ಬಂದೆ. ಮುಂದೆ ಹೋಗಲಿಲ್ಲ. ನಿನಗೆ ಕೊಟ್ಟ ಮಾತು ನೆನಪಿತ್ತು ಅಕ್ಕಾ, ಆದರೆ ಸುಳ್ಳು ಹೇಳುತ್ತೇನೆ ಅಂತ ನಾನು ಮಾತು ಕೊಟ್ಟಿರಲಿಲ್ಲ. "ಇವತ್ತು ನಮ್ಮೂರಲ್ಲಿ ಯಾರಿಗಾದ್ರೂ ಈ ರಕ್ತ ಬೇಕಾದ್ರೆ ಇಲ್ಲ. ಯಾಕಂದ್ರೆ ಎಂಟೂ ಜನ ಇಲ್ಲಿದೀವಿ, ನಿಮ್ಮ ಮುಂದೆ" ಅಂದೆ.

ದುಭಾಷಿ ತನ್ನ ಗೂಡಿನಲ್ಲಿ ಹೇಳಿ ಮುಗಿಸಿದ. ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೂಂ ಮೇಷ್ಟ್ರನ್ನು ಕೇಳಿದೆ. ದುಭಾಷಿ ಹೇಳಿದ್ದು: "ನಮ್ಮ ಊರಿನ ಸರ್ವಸ್ವವನ್ನೂ ಈ ದಿನ ನಿಮ್ಮ ಮುಂದೆ ತಂದಿದ್ದೇವೆ." ಹೊಟ್ಟೆಪಾಡಿಗೆ ಗಾಜಿನ ಗೂಡಿನಲ್ಲಿ ಕೂತವನು, ಅಳಿಸುವುದು ಚೆನ್ನಾಗಿ ಕಲಿತಿದ್ದಾನೆ.

ಆಗ ಬಂತು ಅಚ್ಚರಿ. ಪರದೆ ಸರಿಯಿತು. ಎಂಟು ಹಾಸಿಗೆ, ಎಂಟು ದಾದಿಯರು, ಎಂಟು ಖಾಲಿ ಚೀಲ. ಅಧ್ಯಕ್ಷೆ ಮೈಕು ಹಿಡಿದು, "ನಮ್ಮ ಮುತ್ತುಗಳು ಈ ನಾಡಿಗೆ ತಮ್ಮ ರಕ್ತವನ್ನೇ ಕಾಣಿಕೆಯಾಗಿ ಕೊಡ್ತಾರೆ!" ಅಂದರು. ಕಪಾಟು ಭರ್ತಿಯಾಗಿ ಚೆಲ್ಲುವವರಿಗೆ ಕಾಣಿಕೆ! ನಾನು ಅಲುಗಾಡಲಿಲ್ಲ. ಅಧ್ಯಕ್ಷೆ ಹತ್ತಿರ ಬಂದು ಹಲ್ಲು ಬಿಟ್ಟುಕೊಂಡೇ ಪಿಸುಗುಟ್ಟಿದರು: "ಆಡಿದ್ದು ಸಾಕು. ಮಲಕ್ಕೋ. ಊರಿನ ಮಾನ ಕಳೀಬೇಡ."

ನಿಜ ಹೇಳುತ್ತೇನೆ, ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದೆ. ನಿನ್ನ ಕಾಗದ ಜೇಬಿನಲ್ಲಿತ್ತು. "ಹೇಳಿದಷ್ಟು ಮಾಡು." ಮಲಗಿದೆ. ಎಡಗೈ ಕೊಟ್ಟೆ. ಪಕ್ಕದ ಹಾಸಿಗೆಯಲ್ಲಿ ಹೂಂ ಮೇಷ್ಟ್ರು ಛಾಯಾಗ್ರಾಹಕನಿಗೆ ಅನುಕೂಲವಾಗಲಿ ಅಂತ ಮುಖ ತಿರುಗಿಸಿಕೊಂಡಿದ್ದರು. ಚೀಲ ತುಂಬಿದ ಮೇಲೆ ಒಂದು ಬಿಸ್ಕತ್ತು ಕೊಟ್ಟರು.

ಈಗ ಸಮಾಧಾನವಾಯಿತೇ? ನಿನ್ನ ತಂಗಿ ಒಂದು ಕೆಲಸವನ್ನು ಕೊನೆಯ ತನಕ ಮಾಡಿದಳು. ಇಷ್ಟು ಅವಿವೇಕದ ಕೆಲಸವನ್ನು ಹುಟ್ಟಿದಾರಭ್ಯ ಮಾಡಿರಲಿಲ್ಲ.

ಗಿರಗಿಟ್ಲೆ


ಫೆಬ್ರವರಿ ೨೫

ಅಕ್ಕಾ,

ನಿನ್ನ ಹದಿನೆಂಟರ ಕಾಗದ ಈಗ ಸಿಕ್ಕಿತು. ಈ ಕಾಗದ ನನ್ನ ಹಿಂದೆ ಬರುತ್ತದೆ, ಗೊತ್ತು. ಬರೆಯದಿದ್ದರೆ ಯಾರಿಗಾದರೂ ಹೊಡೆಯುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಅಧ್ಯಕ್ಷೆ ಪೆಟ್ಟಿಗೆಯ ಮೇಲೆ ಕೂತು ಬೀಗ ಒತ್ತುತ್ತಿದ್ದರು. ತುಂಬ ಕೊಂಡಿದ್ದಾರೆ, ಮುಚ್ಚುತ್ತಿಲ್ಲ. "ನಮ್ಮಕ್ಕನ ವಿಷಯ ನಿಮಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಗೊತ್ತಿತ್ತಮ್ಮ. ಪಾಪ, ಅವಳೇ ಹೇಳ್ಬೇಡಿ ಅಂದಿದ್ಲು."

"ಗೊತ್ತಿದ್ದೂ ನಮ್ಮೆಲ್ಲರ ಕೈಲಿ ಕೊಡಿಸಿದ್ರಾ?"

ಅವರ ಮುಖ ನೋಡಬೇಕಿತ್ತು ನೀನು. ದುಷ್ಟರ ಮುಖವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಜವಾಗಿಯೂ ಆಗಷ್ಟೇ ಹೊಳೆದವರ ಮುಖ. "ಅಯ್ಯೋ! ಅದೂ ಇದೂ ಸೇರಿಸಿ ಯೋಚನೇನೇ ಮಾಡ್ಲಿಲ್ಲ ನೋಡು. ಫೋನು ಬಂದಿದ್ದು ಬೇರೆ ದಿನ, ಕಾರ್ಯಕ್ರಮ ಬೇರೆ ದಿನ" ಅಂದರು. ನಡೆದಾಡುವ ಭಂಡಾರದ ಒಡತಿ! ಭಂಡಾರ ಖಾಲಿಯಾಗುತ್ತದೆ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

"ಊರಿಗೆ ಹೋದ್ಮೇಲೆ ಇನ್ನೊಂದ್ಸಲ ಕೊಡಿಸಿ" ಅಂದೆ. "ಹಾಗೆಲ್ಲ ಆಗಲ್ಲ, ಮೂರು ತಿಂಗಳು ಅಂದ್ರೆ ಮೂರು ತಿಂಗಳು. ನಿಯಮ ಮಾಡಿದವಳೇ ನಾನು. ಪೇಪರಿನಲ್ಲಿ ಒಂದು ಮನವಿ ಹಾಕಿಸೋಣ." ಒಬ್ಬೊಬ್ಬರನ್ನೂ ಕೇಳುತ್ತಾ ಹೋದೆ. ಒಬ್ಬರಿಗೆ ತಲೆಸುತ್ತು. ಒಬ್ಬರಿಗೆ ಹೆಂಡತಿ ಬೈಯುತ್ತಾಳೆ. ಒಬ್ಬರು, "ನಿಯಮ ಮುರಿದ್ರೆ ಬಿಲ್ಲೆ ತೆಗೀತಾರಲ್ಲಮ್ಮ" ಅಂದರು. ಬಿಲ್ಲೆ! ಹೂಂ ಮೇಷ್ಟ್ರನ್ನು ಕೊನೆಗೆ ಕೇಳಿದೆ: "ನೀವಾದ್ರೂ ಕೊಡ್ತೀರಾ ಮೇಷ್ಟ್ರೇ?" ಜೀವಮಾನದಲ್ಲಿ ಮೊದಲ ಸಲ ಅವರು ಹೂಂ ಅನ್ನಲಿಲ್ಲ.

ನಿನ್ನ ಮೇಲೂ ನನಗೆ ಸಿಟ್ಟಿದೆ. ಎಷ್ಟಿದೆ ಅಂತ ಬಂದ ಮೇಲೆ ಹೇಳುತ್ತೇನೆ. ಅಲ್ಲಿಯ ತನಕ ಅಲುಗಾಡಬೇಡ. ಕೆಮ್ಮಬೇಡ. ನಗಬೇಡ.

ಗಿರಗಿಟ್ಲೆ


ಮಾರ್ಚ್ ೨

ಅಕ್ಕಾ,

ನೀನು ಮೇಲಿನ ಮಹಡಿಯಲ್ಲಿದ್ದೀಯೆ, ನಾನು ಅದೇ ಆಸ್ಪತ್ರೆಯ ಕೆಳಗಿನ ಹೆಂಗಸರ ವಾರ್ಡಿನಲ್ಲಿ. ನನ್ನನ್ನು ಮಂಚದಿಂದ ಏಳಗೊಡುತ್ತಿಲ್ಲ. ನಿನಗೆ ಜ್ವರ ಇಳಿದಿದೆ, ಓದಬಹುದು ಅಂತ ಆಯಾ ಹೇಳಿದಳು. ಈ ಕಾಗದವನ್ನು ಅವಳ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ನನ್ನ ಇಪ್ಪತ್ತೊಂದರ ಕಾಗದವೂ ಇದೆ. ಅದು ಗಲಾಟೆಯ ದಿನವೇ ಮನೆಗೆ ಬಂದಿತ್ತು. ಭಾವ ಓದಿ ಜೇಬಿನಲ್ಲಿಟ್ಟುಕೊಂಡು ನಿನ್ನ ಮುಂದೆ ಎರಡು ದಿನದಿಂದ ಬೆಪ್ಪಾಗಿ ನಗುತ್ತಿದ್ದಾರೆ. ನಾನೇ ಈಸಿಕೊಂಡೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಸರಿ.

ನಾನು ಬಂದ ಮಾರನೆಯ ಬೆಳಿಗ್ಗೆ ನಿನ್ನ ಮಂಚದ ಹತ್ತಿರ ಕೂತಿದ್ದಾಗ ನೀನು ಕೇಳಿದ್ದು, "ಎಂಟೂ ಜನ ಬಂದ್ರಾ?" ನಾನು "ಬಂದ್ರು" ಅಂದೆ. ಅದು ನಿಜ. ಆದರೆ ನೀನು ಕೇಳಿದ್ದು ಅದನ್ನಲ್ಲ ಅಂತ ನನಗೆ ಗೊತ್ತಿತ್ತು. ಅಲ್ಲಿಂದಲೇ ಶುರುವಾಯಿತು ನೋಡು ನನ್ನ ಸುಳ್ಳು. ಸ್ವಲ್ಪ ಹೊತ್ತಿಗೆ ನಿನ್ನ ಹಾಸಿಗೆ ಕೆಂಪಾಯಿತು. ಗೊತ್ತುಮಾಡಿದ ದಿನಕ್ಕೆ ಕಾಯಲಿಲ್ಲ. ನಿನ್ನನ್ನು ತಳ್ಳಿಕೊಂಡು ಹೋದರು. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಲೇ, "ಎಲ್ಲಿ ನಿಮ್ಮ ಸಂಘದವರು? ಕರೆಸಿ!" ಅಂದರು. ಭಾವ ಚಪ್ಪಲಿಯಿಲ್ಲದೆ ಕಚೇರಿಗೆ ಓಡಿದರು. ಅಲ್ಲಿ ಏನು ಸಿಗುತ್ತದೆ ಅಂತ ನನಗೆ ಗೊತ್ತಿತ್ತು.

"ನಾನಿದೀನಿ" ಅಂದೆ.

"ಕೊನೇ ಸಲ ಯಾವಾಗ ಕೊಟ್ಟಿದ್ದು?"

ನಿಜ ಬಾಯಿಯ ತನಕ ಬಂದಿತ್ತು. ಹೇಳಿದರೆ ಅವರು ಮುಟ್ಟುತ್ತಿರಲಿಲ್ಲ. ದೊಡ್ಡ ಊರಿಗೆ ಫೋನು ಮಾಡುತ್ತಿದ್ದರು, ಐದು ಗಂಟೆ ಕಾಯುತ್ತಿದ್ದರು.

"ಕಳೆದ ಮಳೆಗಾಲದಲ್ಲಿ" ಅಂದೆ.

ಎಷ್ಟು ಸಲೀಸಾಗಿ ಬಂತು ಗೊತ್ತೇ? ಇಷ್ಟು ವರ್ಷ ಸುಳ್ಳು ಹೇಳುವವರೆಲ್ಲ ಬಹಳ ಕಷ್ಟಪಡುತ್ತಾರೆ ಅಂದುಕೊಂಡಿದ್ದೆ. ಬಲಗೈ ಚಾಚಿದೆ. ಎಡಗೈ ತೋಳು ಮಡಿಸಲಿಲ್ಲ, ಸೂಜಿಯ ಗುರುತು ಕಂಡೀತು ಅಂತ. ಬೆರಳಿಗೆ ಚುಚ್ಚಿ ಒಂದು ಹನಿಯನ್ನು ಸೀಸೆಯ ನೀಲಿ ನೀರಿಗೆ ಬಿಟ್ಟರು. ಗಟ್ಟಿ ರಕ್ತವಾದರೆ ಹನಿ ಮುಳುಗಬೇಕು, ತೆಳುವಾದರೆ ತೇಲುತ್ತದೆ. ನನ್ನ ಹನಿ ಮೇಲೆಯೇ ನಿಂತಿತು ಅಕ್ಕಾ. ಮುಳುಗೇ ಶನಿ, ಮುಳುಗು, ಅಂತ ಮನಸ್ಸಿನಲ್ಲೇ ಬೈದೆ. ಕೊನೆಗೆ ನಿಧಾನವಾಗಿ ಇಳಿಯಿತು, ಮನಸ್ಸಿಲ್ಲದ ಮನಸ್ಸಿನಿಂದ. ನಿನ್ನ ರಕ್ತದ ಜೊತೆ ಹೊಂದಿಸಿ ನೋಡಿದರು, ಹೊಂದಿತು.

ಚೀಲ ತುಂಬಿ ಒಳಗೆ ಹೋಯಿತು. ಆಮೇಲೆ ಭಾವ ಓಡಿ ಬಂದರು, ಬರಿಗೈಲಿ. "ಯಾರೂ ಬರಲ್ವಂತೆ ಡಾಕ್ಟ್ರೇ. ಅಲ್ಲೇ ವೇದಿಕೆ ಮೇಲೆ ಎಂಟೂ ಜನ ಕೊಟ್ಟು ಬಂದಿದಾರಂತೆ. ಎಲ್ಲಾ ಬಿಲ್ಲೆ ತಿರುಗಿಸಿಟ್ಟಿದಾರೆ."

ಡಾಕ್ಟರಮ್ಮ ತಿರುಗಿ ನನ್ನನ್ನು ನೋಡಿದರು. "ಎಂಟು ಜನ ಅಂದ್ರೆ ಇವಳೂ ಸೇರಿ?" ಇನ್ನು ಮುಚ್ಚಿಡಲು ನನಗೆ ಬರಲಿಲ್ಲ, ಅಭ್ಯಾಸವಿಲ್ಲ. "ಸೇರಿ" ಅಂದೆ. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಈ ವಾರ್ಡಿನಲ್ಲಿದ್ದೆ, ಕೈಗೆ ಗ್ಲೂಕೋಸ್ ಏರುತ್ತಿತ್ತು, ಡಾಕ್ಟರಮ್ಮ ಬೈಯುತ್ತಿದ್ದರು. "ನಿಮ್ಮ ಸಂಘದೋರು ಮಾಡಿದ್ದು ದಾನವೋ ದೊಂಬರಾಟವೋ? ನೀನೇನು ಅವರಿಗಿಂತ ಕಡಿಮೆ? ಒಂದರ ಬದಲು ಎರಡು ಹೆಣ ಹೊರಿಸ್ತಿದ್ದೆ ನನ್ನ ಕೈಲಿ!" ಸರಿಯಾಗಿಯೇ ಹೇಳಿದರು. ಎರಡನೆಯ ಬಾಟಲಿ ದೊಡ್ಡ ಊರಿನಿಂದ ಸಂಜೆಯ ಬಸ್ಸಿಗೆ ಬಂತು. ಆ ಹೊತ್ತಿಗೆ ನೀನೂ ಮಗುವೂ ಗಂಡಾಂತರ ದಾಟಿ ಈ ಕಡೆಗೆ ಬಂದಿದ್ದಿರಿ.

ನಿನ್ನೆ ಅಧ್ಯಕ್ಷೆ ಛಾಯಾಗ್ರಾಹಕನ ಜೊತೆ ಬಂದಿದ್ದರು. ಹಾರ ತಂದಿದ್ದರು. "ನಮ್ಮ ಊರಿನಲ್ಲಿ ರಕ್ತಕ್ಕಾಗಿ ಯಾರೂ ಕಾದದ್ದಿಲ್ಲ ಅಂತ ಮತ್ತೆ ತೋರಿಸಿದ್ಯಲ್ಲೇ ನನ್ನ ಮುತ್ತೇ!" ಅಂದರು. ನಿಯಮ ಮುರಿದದ್ದನ್ನು ಈ ಸಲ ಮನ್ನಿಸಿದ್ದಾರಂತೆ. ನನ್ನ ಕೈಯಲ್ಲಿ ಗ್ಲೂಕೋಸಿನ ಸೂಜಿ ಇತ್ತು, ಇಲ್ಲದಿದ್ದರೆ ಆ ಹಾರ ಎಲ್ಲಿಗೆ ಹೋಗುತ್ತಿತ್ತೋ. ಪಕ್ಕದ ಮಂಚದ ಅಜ್ಜಿ, "ಯಾರಮ್ಮ ಇವ್ರು? ಸತ್ತೋರ್ನ ನೋಡೋಕ್ ಬಂದೋರು ವಾರ್ಡ್ ತಪ್ಪಿ ಬಂದ್ರಾ?" ಅಂತ ಕೇಳಿದಳು. ಛಾಯಾಗ್ರಾಹಕನೂ ನಕ್ಕುಬಿಟ್ಟ. ಹಾರ ವಾಪಸು ಹೋಯಿತು.

ನನ್ನ ಬಿಲ್ಲೆ ಇಳಿಸಿ ಅಂತ ಹೇಳಿ ಕಳಿಸಿದ್ದೇನೆ. ಅರ್ಧಕ್ಕೆ ಬಿಟ್ಟೆ ಅನ್ನು, ಏನು ಬೇಕಾದರೂ ಅನ್ನು. ಒಂದು ಮಾತ್ರ ನಿನಗೆ ಹೇಳಬೇಕು. ಡಾಕ್ಟರಮ್ಮನಿಗೆ ಹೇಳಿದ ಸುಳ್ಳಿಗೆ ನನಗೆ ನಾಚಿಕೆಯಾಗುತ್ತಿಲ್ಲ. ನಾಚಿಕೆಯಾಗುತ್ತಿಲ್ಲವಲ್ಲ ಅಂತ ಹೆದರಿಕೆಯಾಗುತ್ತಿದೆ.

ಮಗು ಯಾರ ಹಾಗಿದೆ? ಭಾವನನ್ನು ಕೇಳಿದರೆ "ಕೆಂಪಗಿದೆ" ಅನ್ನುತ್ತಾರೆ, ಅಷ್ಟೇ.

ಗಿರಗಿಟ್ಲೆ


ಮಾರ್ಚ್ ೨, ಮಧ್ಯಾಹ್ನ

ಕತ್ತೆ,

ಎರಡೂ ಓದಿದೆ. ಆಯಾ ಕಾಯುತ್ತಾ ನಿಂತಿದ್ದಾಳೆ, ಪೆನ್ನು ಅವಳದೇ, ಹೆಚ್ಚು ಬರೆಯಲಾಗದು.

ಮೊದಲು ಸುಳ್ಳು ಬರೆದವಳು ನಾನು. ನಾನು ನಿಜ ಬರೆದಿದ್ದರೆ ನೀನು ಆ ಹಾಸಿಗೆಯ ಮೇಲೆ ಮಲಗುತ್ತಿರಲಿಲ್ಲ. ಅಧ್ಯಕ್ಷೆಯನ್ನು ನೀನು ಬೈದುಕೋ, ನಿನಗೆ ಹಕ್ಕಿದೆ. ನನಗೆ ಅವರನ್ನು ಬೈಯಲು ಬಾಯಿ ಬರುತ್ತಿಲ್ಲ, ಅದೇ ನನ್ನ ಸಂಕಟ.

ಆದರೂ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ಬೇರೆ ಏನಾದರೂ ಆಗಿದ್ದರೆ ನಾನು ಈ ಮಗುವಿಗೆ ಏನಂತ ಹೇಳುತ್ತಿದ್ದೆ? ನಿನ್ನ ಕೆನ್ನೆಗೆ ಒಂದು ಬಾರಿಸಬೇಕು. ಇಳಿದು ಬರಲು ನನಗಾಗದು, ಹೊಲಿಗೆ ಇದೆ. ನೀನೇ ಮೇಲೆ ಬಾ.

ಮೆಟ್ಟಿಲ ಕಟಾಂಜನ ಹಿಡಿದುಕೊಂಡು, ನಿಧಾನವಾಗಿ ಹತ್ತು.

ಅಕ್ಕ